ಎಡಗಡೆ ನಡೆದದ್ದು, ಬಲಗಡೆ ನಾನು

"ಇದು ಡೈರಿನಾ, ಚಾರ್ಜ್‌ಶೀಟಾ?"

ನನ್ನ ಗಂಡ ಹೀಗೆ ಕೇಳಿದ ರಾತ್ರಿಗೆ ನಾನು ಡೈರಿ ಬರೆಯಲು ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಶುರು ಮಾಡಿದ್ದು ಮನಸ್ಸು ತಣ್ಣಗಾಗಲಿ, ಮನೆಯಲ್ಲಿ ಜಗಳ ಕಡಿಮೆಯಾಗಲಿ ಎಂದು. ಅವತ್ತು ಯಾವುದೋ ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. "ನಾನು ಹಾಗೆ ಹೇಳೇ ಇಲ್ಲ" ಎಂದರು ಅವರು. ನಾನು ಎದ್ದು ಹೋಗಿ ನೋಟ್‌ಬುಕ್ ತಂದೆ. ಪುಟ ತಿರುವಿ, ತಾರೀಖಿನ ಸಮೇತ ಓದಿದೆ. "ಕೇಳಿ. 14ನೇ ತಾರೀಖು, ರಾತ್ರಿ. ನೀವು ಹೇಳಿದ ಮಾತು ಇದೇ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಆ ಪ್ರಶ್ನೆ ಕೇಳಿದರು. ಕೇಳಿ, ಲೈಟ್ ಆರಿಸಿ ಮಲಗಿಬಿಟ್ಟರು.

ವಾದದಲ್ಲಿ ಗೆದ್ದಿದ್ದು ನಾನೇ. ಆದರೆ ರಾತ್ರಿಯೆಲ್ಲಾ ನಿದ್ದೆ ಬಾರದೆ ಹೊರಳಾಡಿದ್ದೂ ನಾನೇ.

ಮರುದಿನ ಒಬ್ಬಳೇ ಕೂತು ಆ ನೋಟ್‌ಬುಕ್ಕನ್ನು ಮೊದಲಿಂದ ಓದಿದೆ. ಆ ರಾತ್ರಿ ಬಿಟ್ಟರೆ ನಾಲ್ಕು ತಿಂಗಳಲ್ಲಿ ಒಂದು ದಿನವೂ ಹಿಂದಿನ ಪುಟ ತಿರುವಿ ಓದಿರಲಿಲ್ಲ, ಬರೀ ಬರೆಯುತ್ತಾ ಹೋಗಿದ್ದೆ. ಓದುತ್ತಾ ಓದುತ್ತಾ ಒಂದು ಪದ ಕಣ್ಣಿಗೆ ಚುಚ್ಚತೊಡಗಿತು: "ಯಾವಾಗಲೂ". ಪೆನ್ಸಿಲ್ ತಗೊಂಡು ಎಣಿಸಿದೆ. ಮೊದಲ ಹತ್ತು ಪುಟಗಳಲ್ಲೇ 23 ಸಲ. ಯಾವಾಗಲೂ ಹೀಗೇ ಮಾಡುತ್ತಾರೆ, ಯಾವಾಗಲೂ ನಾನೇ ಮೊದಲು ಮಾತಾಡಿಸಬೇಕು, ತಂಗಿ ಯಾವಾಗಲೂ ಫೋನ್ ಎತ್ತುವುದಿಲ್ಲ. ಪ್ರತಿ ವಾಕ್ಯದಲ್ಲೂ ಏನಾದರೂ ಮಾಡುವವರು ಬೇರೆಯವರೇ. "ನಾನು" ಎಲ್ಲಿಯೂ ಏನೂ ಮಾಡಿಲ್ಲ. ಎಲ್ಲವೂ ನನಗೆ ಆದದ್ದು ಅಷ್ಟೇ. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಒಬ್ಬ ಸಂತ ಹೆಂಗಸು ವಾಸವಾಗಿದ್ದಳು ಎಂದು ಆ ನೋಟ್‌ಬುಕ್ ಓದಿದ ಯಾರಾದರೂ ನಂಬಬೇಕು.

ಎಡವಟ್ಟಾಗಿದ್ದು ಎಲ್ಲಿ ಎಂದು ಆಮೇಲೆ ಅರ್ಥವಾಯಿತು. ಡೈರಿ ಎಂದರೆ ಮನಸ್ಸಿನಲ್ಲಿದ್ದುದನ್ನು ಹೊರಹಾಕುವುದು ಎಂದುಕೊಂಡಿದ್ದೆ. ಕುಕ್ಕರ್ ಸೀಟಿ ಹೊಡೆದ ಹಾಗೆ, ಒತ್ತಡ ಹೊರಗೆ ಹೋದರೆ ತಣ್ಣಗಾಗುತ್ತದೆ ಎಂದು. ಹಾಗಾಗುವುದಿಲ್ಲ. ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನೇ ಪರೀಕ್ಷೆ ಮಾಡಿದ ಅಧ್ಯಯನ ಪ್ರಕಟಿಸಿದರು. ಸಿಟ್ಟು ಬರಿಸಿದವರನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಏನೂ ಮಾಡದೆ ಎರಡು ನಿಮಿಷ ಸುಮ್ನೆ ಕೂತವರೇ ಅವರಿಗಿಂತ ಶಾಂತವಾಗಿದ್ದರು. ಇದನ್ನು ಓದಿದಾಗ ನನಗೆ ನಗು ಬಂತು. ನಾಲ್ಕು ತಿಂಗಳು ದಿನಾ ರಾತ್ರಿ ನಾನು ಪೆನ್ನು ಹಿಡಿದು ಗುದ್ದುತ್ತಿದ್ದೆ, ಅಷ್ಟೇ.

ಬರವಣಿಗೆಯಿಂದ ಮನಸ್ಸು ಹಗುರಾಗುತ್ತದೆ ಎಂಬ ಮಾತಿನ ಬೇರು ಹುಡುಕಿದರೆ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಸಿಗುತ್ತಾರೆ. ಸಾಂಡ್ರಾ ಬೀಲ್ ಜೊತೆ ಸೇರಿ ಅವರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ನೋವಿನ ಘಟನೆಗಳ ಬಗ್ಗೆ ಬರೆದರು. ಕೆಲವರು ನಡೆದದ್ದನ್ನು ಮಾತ್ರ ಬರೆದರು, ಕೆಲವರು ಅನಿಸಿದ್ದನ್ನು ಮಾತ್ರ, ಇನ್ನು ಕೆಲವರು ಎರಡನ್ನೂ. ಮುಂದಿನ ತಿಂಗಳುಗಳಲ್ಲಿ ಎರಡನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆಮೇಲಿನ ವರ್ಷಗಳಲ್ಲಿ ಇಂಥ ಬರಹಗಳ ಪದಗಳನ್ನೇ ಎಣಿಸಿ ನೋಡಿದಾಗ ಇನ್ನೊಂದು ಸಂಗತಿ ಹೊರಬಂತು. "ಏಕೆಂದರೆ", "ಈಗ ಅರ್ಥವಾಗುತ್ತಿದೆ" ಎಂಬಂಥ ಪದಗಳು ಯಾರ ಬರಹದಲ್ಲಿ ದಿನದಿಂದ ದಿನಕ್ಕೆ ಜಾಸ್ತಿಯಾದವೋ ಅವರಿಗೆ ಲಾಭವೂ ಜಾಸ್ತಿ. ಮೊದಲ ದಿನ ಬರೆದ ಕಥೆ ಕೊನೆಯ ದಿನಕ್ಕೆ ಬದಲಾಗಿರಬೇಕು. ನನ್ನದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಕಥೆ.

ಎರಡು ವಾರ ಏನೂ ಬರೆಯಲಿಲ್ಲ. ಆಮೇಲೆ ಹೊಸ ನೋಟ್‌ಬುಕ್ ತಂದೆ. ಪುಟದ ನಡುವೆ ಸ್ಕೇಲ್ ಇಟ್ಟು ಉದ್ದಕ್ಕೆ ಗೆರೆ ಎಳೆದೆ. ಎಡಗಡೆ "ನಡೆದದ್ದು" ಎಂದು ಬರೆದೆ, ಬಲಗಡೆ "ನಾನು ಹೇಳಿಕೊಂಡದ್ದು". ಎಡಗಡೆಗೆ ಒಂದೇ ನಿಯಮ: ಮೂಲೆಯಲ್ಲಿ ಒಂದು ಕ್ಯಾಮೆರಾ ಇದ್ದಿದ್ದರೆ ಅದಕ್ಕೆ ಕಾಣುತ್ತಿದ್ದುದು, ಕೇಳುತ್ತಿದ್ದುದು ಮಾತ್ರ ಅಲ್ಲಿರಬೇಕು. ಉಳಿದದ್ದೆಲ್ಲ ಬಲಗಡೆಗೆ.

ಮೊದಲ ದಿನದ ಪುಟ ಈಗಲೂ ಇದೆ. ಎಡಗಡೆ: "ಅವರು ಬಂದರು. ಬ್ಯಾಗ್ ಇಟ್ಟರು. ಫೋನ್ ನೋಡುತ್ತಾ ಕೂತರು. ನಾನು ನಾಳೆಯ ವಿಷಯ ಹೇಳಿದೆ. 'ಹೂಂ' ಅಂದರು." ಐದು ಸಾಲು. ಬಲಗಡೆ ಶುರುವಾಗುವುದು ಹೀಗೆ: "ನನ್ನ ಮಾತು ಈ ಮನೆಯಲ್ಲಿ ಯಾರಿಗೂ ಬೇಕಾಗಿಲ್ಲ." ಅಲ್ಲಿಂದ ಮದುವೆಯಾದ ಹೊಸತರಲ್ಲಿ ಯಾರೋ ಆಡಿದ ಮಾತಿಗೆ ಹೋಗಿದೆ, ಅಲ್ಲಿಂದ ನನ್ನ ಶಾಲೆಯ ದಿನಗಳಿಗೆ. ಜಾಗ ಸಾಲದೆ ಹಾಳೆಯ ಹಿಂಬದಿಗೂ ಹರಿದಿದೆ. ಒಂದು "ಹೂಂ"ಗೆ ಒಂದೂವರೆ ಪುಟ!

ಕ್ಯಾಮೆರಾ ನಿಯಮ ಹೇಳುವುದು ಸುಲಭ, ಪಾಲಿಸುವುದು ಕಷ್ಟ. "ಮುಖ ಸಿಂಡರಿಸಿದರು" ಎನ್ನುವುದು ಎಡಗಡೆಗೋ ಬಲಗಡೆಗೋ? ಇದಕ್ಕೇ ಎಷ್ಟೋ ಹೊತ್ತು ತಲೆ ಕೆಡಿಸಿಕೊಂಡಿದ್ದೇನೆ. ಕ್ಯಾಮೆರಾಗೆ ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ. ಅದು ನನ್ನ ಮೇಲಿನ ತಾತ್ಸಾರಕ್ಕೋ, ತಲೆನೋವಿಗೋ ಅದಕ್ಕೆ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. "ಬೇಕಂತಲೇ" ಎಂಬ ಪದವಂತೂ ಒಂದು ಸಲವೂ ಎಡಗಡೆ ನಿಲ್ಲಲಿಲ್ಲ. ಬರೆದೆ, ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದುಹಾಕಿದೆ. ಎದುರಿಗಿರುವವರ ಮನಸ್ಸಿನೊಳಗೆ ಇಣುಕಿ ನೋಡಿದವಳ ಹಾಗೆ ಎಷ್ಟು ಧೈರ್ಯವಾಗಿ ಬಳಸುತ್ತಿದ್ದೆ ಆ ಪದವನ್ನು!

ಬಲಗಡೆಯದು ಸುಳ್ಳು, ಎಡಗಡೆಯದು ನಿಜ ಎಂದು ಇದರ ಅರ್ಥ ಅಲ್ಲ. ಬಲಗಡೆ ಇರುವುದೂ ನಿಜವೇ, ಆದರೆ ಅದು ನನ್ನ ಬಗೆಗಿನ ನಿಜ. ಮೊದಲೆಲ್ಲ ಅಲ್ಲಿ ಭಾವನೆ ಎಂದರೆ ಒಂದೇ ಪದ, "ಸಿಟ್ಟು". ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಮೆದುಳಿನ ಸ್ಕ್ಯಾನ್ ಅಧ್ಯಯನದ ಬಗ್ಗೆ ಓದಿದ ಮೇಲೆ ಈ ಒಂದೇ ಪದದ ಬಗ್ಗೆ ಅನುಮಾನ ಬಂತು. ಸಿಟ್ಟು, ಭಯ ಇರುವ ಮುಖಗಳ ಚಿತ್ರ ನೋಡಿ ಆ ಭಾವನೆಗೆ ಹೆಸರು ಕೊಟ್ಟಾಗ, ಅಪಾಯ ಕಂಡರೆ ಎಚ್ಚರಗೊಳ್ಳುವ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ಕಡಿಮೆಯಾಗಿತ್ತು. ಹೆಸರಿಡುವುದರಿಂದಲೇ ಇಷ್ಟಾಗುವುದಾದರೆ ಸರಿಯಾದ ಹೆಸರನ್ನೇ ಇಡೋಣ ಅಲ್ವಾ ಅನ್ನಿಸಿತು.

ಹಾಗೆ ಹುಡುಕತೊಡಗಿದಾಗ ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟೊಂದು ಪದಗಳಿವೆ ಎಂದು ಹೊಳೆಯಿತು. ಕಸಿವಿಸಿ, ಇರಿಸುಮುರಿಸು, ಬೇಸರ, ಉರಿ, ಸಂಕಟ, ಹೊಟ್ಟೆಕಿಚ್ಚು, ಮುನಿಸು. ಮುನಿಸು ಬೇರೆ, ಸಿಟ್ಟು ಬೇರೆ. ಸಿಟ್ಟು ಬಂದವರು ಎದುರಿನವರು ದೂರ ಹೋಗಲಿ ಎನ್ನುತ್ತಾರೆ. ಮುನಿಸಿಕೊಂಡವರಿಗೆ ಯಾರಾದರೂ ಬಂದು ಮಾತಾಡಿಸಲಿ ಎಂಬ ಆಸೆ. "ಹೂಂ" ಎಂದ ಆ ಸಂಜೆ ನನಗೆ ಬಂದದ್ದು ಸಿಟ್ಟೇ ಅಲ್ಲ, ಮುನಿಸು. ಅಲ್ಲಿ ಸಿಟ್ಟಿನ ಮಾತಾಡಿದರೆ ಕೆಲಸ ಕೆಡದೇ ಇರುತ್ತದೆಯೇ? ಹತ್ತಿರ ಬರಲಿ ಎಂದು ಆಸೆಪಟ್ಟವರನ್ನೇ ಮಾತಿನಲ್ಲಿ ದೂರ ತಳ್ಳಿದ ಹಾಗೆ ಆಗುತ್ತದೆ. ಇಷ್ಟು ವರ್ಷ ನಾನು ಮಾಡಿಕೊಂಡು ಬಂದದ್ದು ಅದನ್ನೇ.

ಎರಡು ತಿಂಗಳಾದ ಮೇಲೆ ಮತ್ತೆ ಎಣಿಸಿದೆ. ಎಣಿಸುವ ಚಟ ಹತ್ತಿಬಿಟ್ಟಿತ್ತು. ಸಣ್ಣದು ದೊಡ್ಡದು ಸೇರಿ 31 ಜಗಳಗಳು. ಅದರಲ್ಲಿ 19, ಇಬ್ಬರೂ ಕೆಲಸದಿಂದ ಮನೆಗೆ ಬಂದ ಮೊದಲ ಒಂದು ಗಂಟೆಯೊಳಗೆ! ಇಷ್ಟು ದಿನ ಬಾಲ್ಯ, ಸ್ವಭಾವ, ಹೊಂದಾಣಿಕೆ ಎಂದೆಲ್ಲ ಆಳಕ್ಕೆ ಅಗೆಯುತ್ತಿದ್ದೆ. ಉತ್ತರ ನೋಡಿದರೆ ಗಡಿಯಾರದಲ್ಲಿತ್ತು. ಅವತ್ತಿನಿಂದ ಆ ಒಂದು ಗಂಟೆಯಲ್ಲಿ ಹಣ, ಮಕ್ಕಳ ಓದು, ನೆಂಟರು ಯಾವುದನ್ನೂ ಎತ್ತಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು. ಡೈರಿಯಿಂದ ನನಗಾದ ಅತಿ ದೊಡ್ಡ ಲಾಭ ಯಾವುದು ಎಂದರೆ ಇದೇ. ಕೇಳಿದವರಿಗೆ "ಇಷ್ಟೇನಾ" ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಇನ್ನೊಂದು ಪ್ರಯತ್ನ ಕೈಗೆ ಹತ್ತಲು ತುಂಬಾ ದಿನ ಹಿಡಿಯಿತು. ಎಲಿ ಫಿಂಕೆಲ್ ಮತ್ತು ಸಂಗಡಿಗರು 120 ದಂಪತಿಗಳ ಮೇಲೆ ಎರಡು ವರ್ಷ ಮಾಡಿದ ಅಧ್ಯಯನವೊಂದು 2013ರಲ್ಲಿ ಬಂತು. ಎರಡನೇ ವರ್ಷದಲ್ಲಿ ಅರ್ಧದಷ್ಟು ದಂಪತಿಗಳಿಗೆ ನಾಲ್ಕು ತಿಂಗಳಿಗೊಮ್ಮೆ ಏಳು ನಿಮಿಷದ ಬರವಣಿಗೆ, ಅಂದರೆ ವರ್ಷಕ್ಕೆ ಒಟ್ಟು 21 ನಿಮಿಷ. ಇಬ್ಬರಿಗೂ ಒಳ್ಳೆಯದಾಗಲಿ ಎಂದು ಬಯಸುವ ಮೂರನೆಯವರೊಬ್ಬರು ನಿಮ್ಮ ಜಗಳವನ್ನು ಹೇಗೆ ನೋಡುತ್ತಾರೆ ಎಂದು ಬರೆಯಬೇಕು. ಮೊದಲ ವರ್ಷ ಎಲ್ಲರ ದಾಂಪತ್ಯದ ಸಂತೋಷವೂ ಮೆಲ್ಲಗೆ ಇಳಿಯುತ್ತಿತ್ತು. ಬರೆದವರಲ್ಲಿ ಆ ಇಳಿತ ನಿಂತಿತು. ಸಂತೋಷ ಏರಿಬಿಟ್ಟಿತು ಎಂದಲ್ಲ, ಇಳಿಯುವುದು ನಿಂತಿತು. ಈ ಫಲಿತಾಂಶ ನನಗೆ ಇಷ್ಟವಾಗಿದ್ದೇ ಅದು ಅಷ್ಟು ಸಾಧಾರಣವಾಗಿದೆ ಎಂಬ ಕಾರಣಕ್ಕೆ.

ಏಳು ನಿಮಿಷ ತಾನೇ ಎಂದು ಕೂತೆ. ನನ್ನ ಮೂರನೆಯವರು ಬಾಯಿಬಿಟ್ಟ ಕೂಡಲೇ ಹೇಳಿದ್ದು "ಪಾಪ, ಈ ಹೆಂಗಸು ಎಷ್ಟು ಸಹಿಸಿಕೊಂಡಿದ್ದಾಳೆ" ಎಂದು. ನನ್ನದೇ ದನಿ, ನನ್ನದೇ ಪದ, ಬಟ್ಟೆ ಮಾತ್ರ ಬೇರೆ. ಎರಡನೇ ಸಲವೂ ಅದೇ ಕಥೆ. ನಾಲ್ಕನೇ ಸಲವೋ ಐದನೇ ಸಲವೋ ಆ ವ್ಯಕ್ತಿ ಒಂದು ಬೇರೆ ಮಾತು ಹೇಳಿದರು: "ಇಬ್ಬರೂ ದಣಿದಿದ್ದಾರೆ. ತಾನು ದಣಿದಿದ್ದೇನೆ ಎಂದು ಮೊದಲು ಹೇಳಿದವರು ಸೋತಂತೆ ಎಂದುಕೊಂಡಿದ್ದಾರೆ." ಪೆನ್ನು ಅಲ್ಲೇ ನಿಂತಿತು. ಇದನ್ನು ಮಾತ್ರ ಗಂಡನಿಗೆ ಓದಿ ಹೇಳಿದೆ. ಆ ಚಾರ್ಜ್‌ಶೀಟ್ ರಾತ್ರಿಯಾದ ಮೇಲೆ ಅವರೆದುರು ನಾನು ನೋಟ್‌ಬುಕ್ ತೆರೆದದ್ದು ಅದೇ ಮೊದಲು. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಹೌದು, ಇವತ್ತು ತುಂಬಾ ಸುಸ್ತು" ಎಂದರು.

ತಂಗಿಯ ವಿಷಯ ಇದಕ್ಕಿಂತ ಹಳೆಯದು. ಅಮ್ಮನನ್ನು ನೋಡಿಕೊಳ್ಳುವ ವಿಷಯದಲ್ಲಿ ಯಾರು ಎಷ್ಟು ಮಾಡಿದರು ಎಂಬ ಲೆಕ್ಕ. ಅಮ್ಮ ಹೋದ ಮೇಲೂ ಲೆಕ್ಕ ಹೋಗಲಿಲ್ಲ. ಅವಳಿಗೆ ಒಂದು ಪತ್ರ ಬರೆದೆ, ಕಳಿಸಬಾರದೆಂದು ತೀರ್ಮಾನ ಮಾಡಿಕೊಂಡೇ ಬರೆದೆ. ಅಬ್ರಹಾಂ ಲಿಂಕನ್ ಹೀಗೆ ಮಾಡಿದ್ದು ಪ್ರಸಿದ್ಧ. 1863ರ ಜುಲೈನಲ್ಲಿ, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ಮುಗಿದು ಶತ್ರು ಸೈನ್ಯ ತಪ್ಪಿಸಿಕೊಂಡಾಗ, ತನ್ನ ಸೇನಾಪತಿ ಜನರಲ್ ಮೀಡ್‌ಗೆ ಸಿಟ್ಟಿನ ಪತ್ರ ಬರೆದ. ಆಮೇಲೆ ಅದರ ಲಕೋಟೆಯ ಮೇಲೆ "ಕಳಿಸಲಿಲ್ಲ, ಸಹಿ ಹಾಕಲಿಲ್ಲ" ಎಂದು ಗುರುತು ಮಾಡಿ ಎತ್ತಿಟ್ಟ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಅವನಿಗೆ ಯಾರೂ ಹೇಳಿರಲಿಕ್ಕಿಲ್ಲ, ಆದರೂ ಗೊತ್ತಿತ್ತು.

ಪತ್ರ ಬರೆದದ್ದರಿಂದ ನನಗೆ ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಆದದ್ದು ಮರುದಿನ, ತಂಗಿಯ ಪರವಾಗಿ ನಾನೇ ಉತ್ತರ ಬರೆದಾಗ. ಅವಳ ದನಿಯಲ್ಲಿ, "ನಾನು" ಎಂದು. ಮೊದಲ ಅರ್ಧ ಪುಟ ಅವಳ ಬಾಯಲ್ಲಿ ಕ್ಷಮೆ ಕೇಳಿಸಿದೆ! ಎಂಥ ಚಂದದ ಉತ್ತರ. ಹರಿದು ಹಾಕಿ ಮತ್ತೆ ಕೂತೆ. ಆಗ ಬಂದ ಸಾಲು ಇದು: "ಅಕ್ಕ ಫೋನ್ ಮಾಡಿದರೆ ನಾನು ಹೇಗಿದ್ದೇನೆ ಎಂದು ಕೇಳುವುದಿಲ್ಲ. ಎಲ್ಲಿದ್ದೆ ಎಂದು ಕೇಳುತ್ತಾಳೆ."

ಫೋನ್ ತೆಗೆದು ನನ್ನ ಹಳೆಯ ಮೆಸೇಜುಗಳನ್ನು ನೋಡಿದೆ. "ಎಲ್ಲಿದ್ದೆ?" "ಯಾಕೆ ಎತ್ತಲಿಲ್ಲ?" "ನೋಡಿಯೂ ಉತ್ತರ ಯಾಕಿಲ್ಲ?" ಸಾಲುಸಾಲಾಗಿ ಅದೇ. ಇದು ಎಡಗಡೆಯ ಸಂಗತಿ. ಕ್ಯಾಮೆರಾಗೂ ಕಾಣುತ್ತದೆ.

ಆ ವಾರ ಅವಳಿಗೆ ಫೋನ್ ಮಾಡಿ "ಹೇಗಿದ್ದೀಯಾ, ನಿನ್ನ ಬೆನ್ನುನೋವು ಹೇಗಿದೆ?" ಎಂದೆ. "ಯಾಕಕ್ಕ, ಏನಾಯಿತು?" ಎಂದು ಗಾಬರಿಯಾದಳು. ಅಕ್ಕ-ತಂಗಿ ಅಪ್ಪಿಕೊಂಡು ಅತ್ತೆವು ಎಂದೇನೂ ಬರೆಯಲಾರೆ, ಹಾಗಾಗಲಿಲ್ಲ. ಲೆಕ್ಕ ಇನ್ನೂ ಬಾಕಿ ಇದೆ. ಆದರೆ ಈಗ ಫೋನ್ ಎತ್ತುತ್ತಾಳೆ.

ಡೈರಿ ಬರೆದರೆ ಸಂಘರ್ಷವೇ ಇರುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ನನ್ನ ಕೆಲಸವನ್ನು ಮೀಟಿಂಗಿನಲ್ಲಿ ತನ್ನದೆಂದು ಹೇಳುತ್ತಿದ್ದರು. ಇದೂ ನನ್ನ ಬಲಗಡೆಯ ಕಥೆಯೇ ಇರಬೇಕು, ನಾನೇ ದೊಡ್ಡದು ಮಾಡುತ್ತಿದ್ದೇನೆ ಎಂದುಕೊಂಡು ಎರಡು ಕಡೆಯೂ ಬರೆಯುತ್ತಾ ಹೋದೆ. ನೋಡಿದರೆ ಎಡಗಡೆಯೇ ತುಂಬಿತು. ಒಂದೇ ತಿಂಗಳಲ್ಲಿ ಮೂರು ಸಲ. ಮೀಟಿಂಗ್ ಯಾವುದು, ಸ್ಲೈಡ್ ಯಾವುದು, ಹೇಳಿದ ಮಾತು ಏನು, ಎಲ್ಲ ಇತ್ತು. ಬಲಗಡೆ ಇದ್ದದ್ದು ಒಂದೇ ಸಾಲು: "ಕೇಳಿದರೆ ನನ್ನನ್ನು ಜಗಳಗಂಟಿ ಎನ್ನುತ್ತಾರೆ."

ಇದು ನುಂಗಿಕೊಳ್ಳುವ ವಿಷಯ ಅಲ್ಲ ಎಂದು ನನಗೆ ತೋರಿಸಿದ್ದು ಆ ಪುಟ. ಹೋಗಿ ಮಾತಾಡಿದೆ. "ನೀವು ಯಾವಾಗಲೂ" ಎಂದು ಶುರು ಮಾಡಲಿಲ್ಲ. ಮೂರು ಸಂದರ್ಭ ಹೇಳಿದೆ, ಮುಂದೆ ನನ್ನ ಭಾಗವನ್ನು ನಾನೇ ಹೇಳುತ್ತೇನೆ ಎಂದೆ. ಐದು ನಿಮಿಷವೂ ಹಿಡಿಯಲಿಲ್ಲ. ಅವರ ಮುಖ ಬಿಗಿಯಾಯಿತು, ಒಂದೆರಡು ವಾರ ಮಾತು ಕಡಿಮೆಯಾಯಿತು. ನನಗೆ ಮಾತ್ರ ಅವತ್ತು ರಾತ್ರಿ ಒಳ್ಳೆಯ ನಿದ್ದೆ. ಶಾಂತಿ ಬೇಕೆಂದು ಬಾಯಿ ಮುಚ್ಚಿಕೊಂಡು, ಒಳಗೊಳಗೇ ಕುದಿಯುತ್ತಿದ್ದ ದಿನಗಳಿಗಿಂತ ಆ ಬಿಗಿ ಮುಖದ ಎರಡು ವಾರಗಳೇ ಹಿತವಾಗಿದ್ದವು.

ಬರೆದ ತಕ್ಷಣ ಹಗುರಾಗುತ್ತದೆ ಎಂದು ಕಾಯಬೇಡಿ. ಅಮ್ಮನ ಕೊನೆಯ ದಿನಗಳ ಬಗ್ಗೆ ಬರೆದ ಸಂಜೆ ನಾನು ಯಾರ ಜೊತೆಯೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪೆನ್ನೆಬೇಕರ್ ಅವರ ವಿದ್ಯಾರ್ಥಿಗಳೂ ಬರೆದ ಕೂಡಲೇ ಮೊದಲಿಗಿಂತ ಬೇಸರದಲ್ಲಿದ್ದರು. ಹಾಗಾಗಿ ಮಲಗುವ ಹೊತ್ತಿನಲ್ಲಿ ಈಗ ಬರೆಯುವುದಿಲ್ಲ. ರಾತ್ರಿ ದೀಪ ಆರಿದ ಮೇಲೆ, ತನ್ನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ತಿರುಗಿ ನೋಡುತ್ತಿದ್ದೆ ಎಂದು ಪ್ರಾಚೀನ ರೋಮ್‌ನ ತತ್ವಜ್ಞಾನಿ ಸೆನೆಕಾ ಹೇಳಿಕೊಂಡಿದ್ದಾನೆ. ಅವನಿಗೆ ಅದು ಒಗ್ಗಿತ್ತು, ಅದರ ಮೇಲೆ ನಿದ್ದೆಯೂ ಚೆನ್ನಾಗಿ ಬರುತ್ತಿತ್ತಂತೆ. ನನಗೆ ಹಾಗೆ ಮಾಡಿದರೆ ಬೆಳಗಿನವರೆಗೆ ಕಣ್ಣು ಮುಚ್ಚುವುದಿಲ್ಲ. ರಾತ್ರಿ ಊಟಕ್ಕೆ ಮೊದಲು 15 ನಿಮಿಷ, ಫೋನಿನಲ್ಲಿ ಅಲಾರಂ ಇಟ್ಟು ಬರೆಯುತ್ತೇನೆ. ವಾರಕ್ಕೆ ಮೂರೋ ನಾಲ್ಕೋ ದಿನ. ದಿನಾ ಬರೆಯಲೇಬೇಕು ಎಂದು ಹಟ ಹಿಡಿದಾಗ ಬರೆಯಲು ವಿಷಯ ಬೇಕಲ್ಲ ಎಂದು ಜಗಳ ಹುಡುಕುತ್ತಿದ್ದೆ, ನಿಜವಾಗಿಯೂ.

ಒಂದೇ ಸಾಲನ್ನು ಮೂರನೇ ಸಲ ಬರೆಯುತ್ತಿದ್ದೇನೆ ಅನ್ನಿಸಿದರೆ ಪೆನ್ನು ಕೆಳಗಿಡುತ್ತೇನೆ. ಅಲ್ಲಿಂದ ಮುಂದೆ ಅದು ಯೋಚನೆ ಅಲ್ಲ, ಗಾಣದೆತ್ತಿನ ಸುತ್ತು. ಎದ್ದು ನಡೆದಾಡುತ್ತೇನೆ, ಇಲ್ಲವೇ ಯಾರಿಗಾದರೂ ಫೋನ್ ಮಾಡುತ್ತೇನೆ. ಕೆಲವು ಪುಟಗಳನ್ನು ಬರೆದ ದಿನವೇ ಹರಿದು ಹಾಕುತ್ತೇನೆ. ಯಾರಾದರೂ ಓದಿಯಾರು ಎಂಬ ಭಯ ಇದ್ದರೆ ಕೈ ಸುಳ್ಳು ಬರೆಯುತ್ತದೆ. ಇನ್ನು, ಎಡಗಡೆಯಲ್ಲಿ ಹೊಡೆತ, ಬೆದರಿಕೆ ಬರುತ್ತಿದ್ದರೆ ಅದು ಡೈರಿಯಲ್ಲಿ ಬಗೆಹರಿಯುವ ವಿಷಯವೇ ಅಲ್ಲ. ಅಂಥವರು ಬೇರೆಯವರ ದನಿಯಲ್ಲಿ ಬರೆಯುತ್ತಾ ಕೂರಬಾರದು. ನಂಬಿಕೆ ಇರುವವರ ಬಳಿ ಹೋಗಿ ಸಹಾಯ ಪಡೆಯಬೇಕು.

ಈಗ ಒಂದೂವರೆ ವರ್ಷವಾಯಿತು. ಮೂರನೇ ನೋಟ್‌ಬುಕ್ ನಡೆಯುತ್ತಿದೆ. ಜಗಳ ನಿಂತಿದೆಯೇ ಎಂದರೆ ಇಲ್ಲ. ಮೊದಲು ಒಂದು ಜಗಳ ಮೂರು ದಿನ ಎಳೆಯುತ್ತಿತ್ತು, ಈಗ ಹೆಚ್ಚೆಂದರೆ ರಾತ್ರಿ ಮಲಗುವವರೆಗೆ. ಜಗಳದ ನಡುವೆಯೇ ಕೆಲವೊಮ್ಮೆ ತಲೆಯೊಳಗೆ ಆ ಗೆರೆ ಎಳೆದುಕೊಳ್ಳುತ್ತದೆ, ಬಾಯಿಗೆ ಬಂದ "ಯಾವಾಗಲೂ" ಗಂಟಲಲ್ಲೇ ನಿಲ್ಲುತ್ತದೆ. ಎಲ್ಲ ಸಲವೂ ಅಲ್ಲ. ಹೋದ ವಾರ ಪೂರ್ತಿ ಬಾಯಿಂದ ಹೊರಗೆ ಬಂತು, ಎರಡು ಸಲ.

ಅವತ್ತು ಸಂಜೆ ಬರೆಯುತ್ತಾ ಕೂತಿದ್ದಾಗ ಗಂಡ ಬಾಗಿಲ ಬಳಿ ಬಂದು ನಿಂತರು.

"ನನ್ನ ಬಗ್ಗೆ ಏನಾದರೂ ಬರೆದೆಯಾ?"

"ಎರಡು ಸಾಲು."

"ಯಾವ ಕಡೆ?"

"ಎಡಗಡೆ ಒಂದು, ಬಲಗಡೆ ಒಂದು."

"ಪರವಾಗಿಲ್ಲ," ಎಂದು ಹೇಳಿ, ಪುಟದ ಕಡೆ ನೋಡದೆ ಒಳಗೆ ಹೋದರು.